ಮೊದಲು ಮುಚ್ಚಳ ತೆಗೆದು ನೋಡು

ಹೋದ ಶನಿವಾರ ಗ್ಯಾರೇಜಿನ ಮೇಲಿನ ಹಲಗೆಯಿಂದ ಉದ್ದನೆಯ ರಟ್ಟಿನ ಡಬ್ಬಿಯೊಂದನ್ನು ಇಳಿಸಿದೆ. ಧೂಳು ಒರೆಸುವ ಮೊದಲೇ ವಾಸನೆ ಬಂತು. ಬಂದೂಕಿಗೆ ಹಾಕುವ ಎಣ್ಣೆಯ ವಾಸನೆ. ಹೊಲಿಗೆ ಮಷಿನ್ನಿನ ಎಣ್ಣೆಗೆ ಚೂರು ಸೀಮೆಎಣ್ಣೆ ಬೆರೆಸಿದ ಹಾಗಿರುತ್ತದೆ ಅದು. ನಾನು ಬಂದೂಕು ಕೊಂಡ ಅಂಗಡಿಯ ಬಾಗಿಲು ತಳ್ಳಿದ ಕೂಡಲೇ ಮೂಗಿಗೆ ಹತ್ತುತ್ತಿದ್ದದ್ದು ಇದೇ ವಾಸನೆ... ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಹಳೇ ಟೈರಿನ ಮೇಲೆ ಕೂತೆ.

ನಾವಿರುವ ಪರದೇಶದ ಊರು ಟೌರಂಗಾ. ಅದರ ಹೊರಗಿನ ಈ ಎರಡೆಕರೆ ಜಾಗ ಮಾರಿ ನಾವು ಊರೊಳಗಿನ ಸಣ್ಣ ಮನೆಗೆ ಹೊರಟಿದ್ದೇವೆ. ಅಲ್ಲಿ ಬಂದೂಕಿಗೆ ಕೆಲಸವಿಲ್ಲ. ಲೈಸೆನ್ಸ್ ಇರುವ ರೈತನೊಬ್ಬ ಕೊಳ್ಳಲು ಒಪ್ಪಿದ್ದಾನೆ. ಫೋನಿನಲ್ಲಿ ಕೊನೆಗೊಂದು ಮಾತು ಕೇಳಿದ, ಸ್ಕೋಪಿನ ಡಬ್ಬಿ ಇದೆಯಾ ಅಂತ. ಬಂದೂಕಿನ ಮೇಲೆ ಕೂರಿಸುವ ದುರ್ಬೀನಿಗೆ ಸ್ಕೋಪ್ ಅನ್ನುತ್ತಾರೆ. ಇದೆ ಅಂದೆ. ಇತ್ತು, ನಿಜ. ಆದರೆ ಕೈಗೆ ಬಂದ ದಿನದಿಂದ ನಾನದನ್ನು ಒಮ್ಮೆಯೂ ತೆರೆದಿರಲಿಲ್ಲ.

ಅದನ್ನು ಕೊಟ್ಟವರು ಅಂಗಡಿಯವರು. ಆಗ ನಾನು ಮನೆಯಲ್ಲಿ ಅವರನ್ನು 'ಆ ಬಂದೂಕಿನ ಮುದುಕ' ಅನ್ನುತ್ತಿದ್ದೆ. ಈಗ ಹಾಗನ್ನಲು ನಾಲಿಗೆ ಏಳುವುದಿಲ್ಲ.

ನಾನು ಗದಗಿನವನು. ಅಪ್ಪನದು ಸ್ಟೀಲ್ ಪಾತ್ರೆಗಳ ಅಂಗಡಿ. ಶಾಲೆ ಬಿಟ್ಟ ಮೇಲೆ ಗಲ್ಲಾಪೆಟ್ಟಿಗೆಯ ಪಕ್ಕ ಕೂತು ವ್ಯಾಪಾರದ ಒಳಮರ್ಮಗಳನ್ನೆಲ್ಲ ನೋಡಿ ಬೆಳೆದವನು. ಗಿರಾಕಿ 'ಯಾವುದು ಛಲೋ' ಅಂತ ಕೇಳಿದರೆ ಅಪ್ಪ ದುಬಾರಿಯದನ್ನು ಯಾವತ್ತೂ ತೋರಿಸುತ್ತಿರಲಿಲ್ಲ. ಮೂರು ಇಟ್ಟು, ನಡುವಿನದರ ಮೇಲೆ ಬೆರಳಿಟ್ಟು, "ನಿಮಗ ಇದು ಸಾಕ್ರಿ" ಅನ್ನುತ್ತಿದ್ದ. ಆ 'ಸಾಕ್ರಿ' ಅನ್ನುವ ಮಾತಿಗೆ ಎಂಥ ಗಟ್ಟಿ ಗಿರಾಕಿಯೂ ಕರಗಿಬಿಡುತ್ತಿದ್ದ. ಅಪ್ಪನಿಗೆ ಹೆಚ್ಚು ಗಿಟ್ಟುತ್ತಿದ್ದದ್ದು ನಡುವಿನದರಲ್ಲೇ. ಹೀಗೆ ಬೆಳೆದವನಿಗೆ ಅಂಗಡಿಯವರ ಒಳ್ಳೆಯ ಮಾತು ಕೇಳಿದರೆ ಮೊದಲು ಜೇಬು ಮುಟ್ಟಿ ನೋಡಿಕೊಳ್ಳುವ ಅಭ್ಯಾಸ. ಮೇಲಾಗಿ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಬಂದ ರಕ್ತದ ಸ್ಯಾಂಪಲ್ಲಿಗೆ ಹಚ್ಚಿದ ಹೆಸರು ಸರಿ ಇದೆಯಾ ಅಂತ ಎರಡೆರಡು ಸಲ ನೋಡುವುದಕ್ಕೇ ಸಂಬಳ. ಹೀಗಾಗಿ ಸಂಶಯ ನನಗೆ ಕೆಟ್ಟ ಗುಣ ಅಂತ ಯಾವತ್ತೂ ಅನ್ನಿಸಿರಲಿಲ್ಲ.

ಈ ಜಾಗ ತೊಗೊಂಡ ಮೇಲೆ ನಾನೂ ನನ್ನ ಹೆಂಡತಿಯೂ ನಲವತ್ತು ಬೆಣ್ಣೆಹಣ್ಣಿನ ಸಸಿ ನೆಟ್ಟೆವು. ಅವಳು ಆಸ್ಪತ್ರೆಯಲ್ಲಿ ನರ್ಸು. ಪಾಳಿ ಮುಗಿಸಿ ಬಂದು ಬೂಟು ಸಹ ಬಿಚ್ಚದೆ ಸಸಿ ನೋಡಲು ಹೋಗುತ್ತಿದ್ದಳು. ಒಂದು ಬೆಳಿಗ್ಗೆ ನೋಡಿದರೆ ಹನ್ನೊಂದು ಸಸಿಗಳ ತೊಗಟೆ ಬುಡದಲ್ಲಿ ಸುತ್ತಲೂ ಹೆರೆದಂತಾಗಿತ್ತು. ಮೊಲ. ತಂತಿ ಸುತ್ತಿದೆವು, ಅಗೆದು ಒಳಗೆ ಬಂದವು. ವಾಸನೆಯ ಪುಡಿ ಹಾಕಿದೆವು, ಪಕ್ಕದಲ್ಲೇ ಹಿಕ್ಕೆ ಹಾಕಿ ಹೋದವು. ಬೋನು ಇಟ್ಟರೆ ಪಕ್ಕದ ಮನೆಯ ಬೆಕ್ಕು ಸಿಕ್ಕಿತು. ಇಲ್ಲಿ ಹೊಲ ಇಟ್ಟವರೆಲ್ಲ ಹೇಳುವುದು ಒಂದೇ ಮಾತು, ಹೊಡಿ ಅಂತ. ಮನೆಯಲ್ಲಿ ಮೊಟ್ಟೆಯನ್ನೂ ಒಡೆಯದ ನಾನು ಬಂದೂಕಿನ ಪರೀಕ್ಷೆಗೆ ಓದತೊಡಗಿದೆ.

ಲೈಸೆನ್ಸಿಗೆ ಪೊಲೀಸ್ ಕಡೆಯವರು ಮನೆಗೆ ಬಂದು ವಿಚಾರಿಸುತ್ತಾರೆ. ಗೋಡೆಗೆ ಬೋಲ್ಟ್ ಹಾಕಿದ ಕಬ್ಬಿಣದ ಸೇಫನ್ನು ಎಳೆದು ನೋಡಿದರು. ಆಮೇಲೆ ಹೆಂಡತಿಯನ್ನು ಬೇರೆ ಕೂರಿಸಿಕೊಂಡು, ನಿನ್ನ ಗಂಡನಿಗೆ ಸಿಟ್ಟು ಬರುತ್ತದಾ ಅಂತ ಕೇಳಿದರಂತೆ. ಇವಳು, "ಅಂಗಡಿಯವರ ಮೇಲೆ ಮಾತ್ರ ಬರುತ್ತದೆ" ಅಂದಳಂತೆ. ಬಂದವರು ನಕ್ಕು ಬರೆದುಕೊಂಡು ಹೋದರು. ನಾವೂ ನಕ್ಕೆವು.

ಊರಿನ ದೊಡ್ಡ ರಸ್ತೆಯ ಹಿಂದೆ, ಮೀನಿಗೆ ಎರೆ ಮಾರುವ ಅಂಗಡಿಗೂ ಬೀಗದ ಕೈ ಮಾಡುವವನಿಗೂ ನಡುವೆ ಆ ಬಂದೂಕಿನವರ ಅಂಗಡಿ. ಹೊರಗಿನಿಂದ ನೋಡಿದರೆ ಮುಚ್ಚಿದ ಹಾಗೇ ಕಾಣುತ್ತಿತ್ತು. ಮೊಣಕೈಗೆ ತೇಪೆ ಹಾಕಿದ ಉಣ್ಣೆಯ ಅಂಗಿ, ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟ ಕನ್ನಡಕ, ಮಂಡಿ ನೋವಿನ ನಿಧಾನದ ನಡಿಗೆ. ಆಸ್ಪತ್ರೆಯಲ್ಲಿ ಕೆಲಸ ಅಂತ ಹೇಳಿದ್ದೇ ತಡ, ನನ್ನನ್ನು 'ಡಾಕ್' ಅಂತ ಕರೆಯತೊಡಗಿದರು. ನಾನು ಡಾಕ್ಟರಲ್ಲ ಅಂತ ಎರಡು ಸಲ ಹೇಳಿದೆ. ಬಿಡಲಿಲ್ಲ. ಬೆಣ್ಣೆ ಹಚ್ಚಲು ಶುರುಮಾಡಿದ ಅಂದುಕೊಂಡೆ.

ನಾನು ಇಂಟರ್ನೆಟ್ಟಿನಲ್ಲಿ ವಾರಗಟ್ಟಲೆ ಓದಿಕೊಂಡು ಹೋಗಿದ್ದೆ. ದೂರಕ್ಕೆ ಹೊಡೆಯುವ, ಜೋರಿನ ಬಂದೂಕು ಬೇಕು. ಅದರ ಮೇಲೆ ಇಪ್ಪತ್ತನಾಲ್ಕು ಪಟ್ಟು ದೊಡ್ಡದಾಗಿ ತೋರಿಸುವ ಸ್ಕೋಪು ಬೇಕು. ಎರಡೂ ಅಗ್ಗಕ್ಕೆ ಬೇಕು. ಅವರು ಯಾವುದನ್ನೂ ತೋರಿಸಲಿಲ್ಲ. ಬರೀ ಪ್ರಶ್ನೆ ಕೇಳಿದರು. ಮನೆ ಎಲ್ಲಿ, ಜಾಗ ಎಷ್ಟು, ಪಕ್ಕದ ಮನೆ ಎಷ್ಟು ದೂರ, ಮೊಲ ಕೂರುವ ಕಡೆ ಹಿಂದೆ ದಿಬ್ಬ ಇದೆಯಾ ಬಯಲಾ, ಸಂಜೆ ಯಾರು ಯಾರು ಮನೆಯಲ್ಲಿರುತ್ತೀರಿ. ಇಷ್ಟೆಲ್ಲ ಇವನಿಗ್ಯಾಕೆ, ಲೈಸೆನ್ಸ್ ಕೊಡುವವರೇ ಇಷ್ಟು ಕೇಳಲಿಲ್ಲವಲ್ಲ ಅಂತ ನನಗೆ ಒಳಗೊಳಗೇ ಕುದಿ.

ಕೊನೆಗೆ ಗೋಡೆಯಿಂದ ಒಂದು ಹಳೆಯ ಬಂದೂಕು ಇಳಿಸಿ ಕೌಂಟರಿನ ಮೇಲಿಟ್ಟರು. ಸಣ್ಣ ಗುಂಡಿನದು, ಒಂದು ಹೊಡೆದ ಮೇಲೆ ಕೈಯಿಂದ ಬೋಲ್ಟ್ ಎಳೆದು ಇನ್ನೊಂದು ಹಾಕುವಂಥದ್ದು. ಮರದ ಹಿಡಿಕೆಯ ಮೇಲೆ ಉದ್ದಕ್ಕೊಂದು ಗೀರು. ಪಕ್ಕದ ಮನೆ ಇಷ್ಟು ಹತ್ತಿರ ಇರುವಾಗ ಜೋರಿನದು ಬೇಡ, ತಪ್ಪಿದ ಗುಂಡು ಎಲ್ಲಿಗೆ ಹೋಗುತ್ತದೆ ಅಂತ ಮೊದಲು ಯೋಚಿಸಬೇಕು, ಇದಕ್ಕೆ ಸದ್ದಡಗಿಸುವ ನಳಿಗೆ ಹಾಕಿದರೆ ನಿನ್ನ ಹೆಂಡತಿಯ ನಿದ್ದೆಯೂ ಕೆಡುವುದಿಲ್ಲ ಅಂದರು. ದೊಡ್ಡ ಸ್ಕೋಪನ್ನು ಕೊಡಲೇ ಇಲ್ಲ. ಅದು ಬೆಟ್ಟದ ಮೇಲಿನ ಕಾಡು ಆಡಿಗೆ, ಐವತ್ತು ಮೀಟರಿನ ಮೊಲಕ್ಕೆ ಇಟ್ಟರೆ ಬರೀ ಕೂದಲು ಕಾಣುತ್ತದೆ ಅಂದರು. ಸಣ್ಣದೊಂದು ಹೊಸ ಸ್ಕೋಪು ತೆಗೆದರು. ಬಂದೂಕು ಹಳೆಯದಾದರೆ ನಡೆಯುತ್ತದೆ, ಕಣ್ಣು ಹೊಸದಿರಬೇಕು, ಇರುವ ದುಡ್ಡನ್ನು ಕಣ್ಣಿಗೆ ಹಾಕು ಅಂದರು.

ಆಮೇಲೆ ಬಂದೂಕಿನ ಮೇಲೆ ಬೆರಳಿಟ್ಟು ಹೇಳಿದರು, "ನಿನಗೆ ಇದು ಸಾಕು, ಡಾಕ್."

ಅಪ್ಪನೇ ಎದ್ದು ಬಂದು ನಿಂತ ಹಾಗಾಯಿತು. ನಾನು ಅಂದು ಏನೂ ಕೊಳ್ಳದೆ ಹೊರಗೆ ಬಂದೆ.

ಮುಂದಿನ ಮೂರು ವಾರ ಅದೇ ಸ್ಕೋಪನ್ನು ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಎಲ್ಲೂ ಅವರು ಹೇಳಿದ್ದಕ್ಕಿಂತ ಕಡಿಮೆಗೆ ಸಿಗಲಿಲ್ಲ. ಅದರಿಂದ ಸಮಾಧಾನ ಆಗಬೇಕಿತ್ತು. ನನಗೆ ಹೊಸ ಸಂಶಯ ಬಂತು. ನಾನು ಹೋಲಿಸಿ ನೋಡುತ್ತೇನೆ ಅಂತ ಗೊತ್ತಿದ್ದೇ ಬೆಲೆ ಇಳಿಸಿದ್ದಾನೆ, ಹಾಗಾದರೆ ಮೋಸ ಬಂದೂಕಿನಲ್ಲಿದೆ ಅಂದುಕೊಂಡೆ. ಹೆಂಡತಿ ಅಡುಗೆಮನೆಯಿಂದಲೇ, "ಏನ್ರೀ, ನೀವು ಬಂದೂಕ ತೊಗೊಳೂದ್ರಾಗ ಮೊಲಾ ಮೊಮ್ಮಕ್ಕಳನ್ನ ಕಂಡಿರ್ತಾವ" ಅಂದಳು. ಆ ವಾರ ಇನ್ನೂ ನಾಲ್ಕು ಸಸಿ ಹೋಗಿದ್ದವು. ಹೋಗಿ ಕೊಂಡೆ. ಸ್ಕೋಪನ್ನು ಅಂಗಡಿಯಲ್ಲೇ ಕೂರಿಸಿಕೊಟ್ಟರು, ಅದರ ಡಬ್ಬಿ ಅಲ್ಲೇ ಉಳಿಯಿತು.

ಭಾನುವಾರ ಬಂದು ಗುರಿ ಸರಿಮಾಡಿಕೊಡುತ್ತೇನೆ ಅಂತ ಅವರೇ ಹೇಳಿದರು. ಬಿಟ್ಟಿಯಾಗಿ. ಬಿಟ್ಟಿ ಅಂದ ಕೂಡಲೇ ನನ್ನ ಕಿವಿ ನಿಮಿರಿತು. ಹಳೇ ಯೂಟಿನಲ್ಲಿ, ಅಂದರೆ ಹಿಂದೆ ಸಾಮಾನು ಹೇರುವ ತೆರೆದ ಗಾಡಿಯಲ್ಲಿ, ಬಂದಿಳಿದರು, ಐದು ಬೇರೆ ಬೇರೆ ಜಾತಿಯ ಕಾಡತೂಸಿನ ಪೊಟ್ಟಣ ಹಿಡಿದುಕೊಂಡು. ಪ್ರತಿ ಬಂದೂಕಿಗೂ ಅದರದೇ ರುಚಿ ಇರುತ್ತದಂತೆ, ಯಾವುದು ಒಗ್ಗುತ್ತದೆ ಅಂತ ಹೊಡೆದೇ ನೋಡಬೇಕಂತೆ. ಐದು ಪೊಟ್ಟಣ ಮಾರುವ ಉಪಾಯ ಇದು ಅಂತ ನಾನು ಲೆಕ್ಕ ಹಾಕುತ್ತಿದ್ದೆ. ದಿಬ್ಬದ ಮುಂದೆ ಕಾಗದ ಅಂಟಿಸಿ, ಐವತ್ತು ಮೀಟರ್ ಅಳೆದು, ನೆಲದ ಮೇಲೆ ಕಂಬಳಿ ಹಾಸಿ ನನ್ನನ್ನು ಮಲಗಿಸಿದರು. ಐದರಲ್ಲಿ ಎಲ್ಲಕ್ಕಿಂತ ಅಗ್ಗದ ಕಾಡತೂಸೇ ಒಗ್ಗಿತು. ಐದೂ ಗುಂಡು ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಕೂತವು. ಉಳಿದ ಪೊಟ್ಟಣಗಳನ್ನು ಅವರು ಯೂಟಿಗೆ ಹಾಕಿಕೊಂಡರು.

ಆಗಲೇ ಆ ಮಾತು ಹೇಳಿದ್ದು. ಸ್ಕೋಪಿನ ನಡುವೆ ಮೇಲೊಂದು, ಬಲಕ್ಕೊಂದು ಸಣ್ಣ ಮುಚ್ಚಳ ಇರುತ್ತವೆ, ತಿರುಗಿಸಿ ತೆಗೆಯುವಂಥವು. ಒಳಗೆ ಒಂದೊಂದು ತಿರುಗಣೆ. ಒಂದು ಗುರಿಯನ್ನು ಮೇಲೆ ಕೆಳಗೆ ಮಾಡುತ್ತದೆ, ಇನ್ನೊಂದು ಎಡಕ್ಕೆ ಬಲಕ್ಕೆ. ಅವನ್ನು ಸರಿಮಾಡಿ ಮುಚ್ಚಳ ಬಿಗಿದು ಹೇಳಿದರು, "ಮುಂದೆ ಯಾವತ್ತಾದರೂ ಗುರಿ ತಪ್ಪಿದರೆ ಮೊದಲು ಮುಚ್ಚಳ ತೆಗೆದು ನೋಡು. ಆಮೇಲೆ ನಿನ್ನ ಮೇಲೆ ಸಂಶಯಪಡು. ಕೊನೆಗೆ ನನ್ನ ಮೇಲೆ."

ಹೆಂಡತಿ ಚಹಾ, ಚಕ್ಕುಲಿ ತಂದಳು. ಅವರು ಚಕ್ಕುಲಿ ಕಡಿಯುತ್ತ ಶೆಡ್ಡಿನಲ್ಲಿದ್ದ ಹುಲ್ಲು ಕತ್ತರಿಸುವ ಗಾಡಿಯ ಹತ್ತಿರ ಹೋಗಿ, ಅದರ ಮೂತಿಯ ಮೇಲಿದ್ದ ಕೆಂಪು ಕಲೆ ಏನು ಅಂತ ಕೇಳಿದರು. ಹಿಂದಿನ ವರ್ಷದ ಖಂಡೆ ಪೂಜೆಯ ಕುಂಕುಮ ಅದು. ಇವಳು ವಿವರಿಸಿದಳು. ವರ್ಷಕ್ಕೊಂದು ದಿನ ನಾವು ಕೆಲಸದ ಸಾಮಾನುಗಳನ್ನೆಲ್ಲ ತೊಳೆದು, ಕುಂಕುಮ ಹಚ್ಚಿ, ಕೈ ಮುಗಿಯುತ್ತೇವೆ, ಅಂದು ಅವಕ್ಕೆ ರಜೆ ಅಂತ. ಅದಕ್ಕೆ ಅವರು, ತಮ್ಮ ಅಪ್ಪನೂ ಭಾನುವಾರ ಉಳಿ, ಗರಗಸಗಳಿಗೆ ಎಣ್ಣೆ ಹಾಕುತ್ತಿದ್ದ, ಆಗ ಅವನನ್ನು ಯಾರೂ ಮಾತಾಡಿಸುವ ಹಾಗಿರಲಿಲ್ಲ ಅಂತ ಹೇಳಿದರು. ನಾನು ದೂರದಲ್ಲಿ ನಿಂತು, ಈ ಮನುಷ್ಯ ಶೆಡ್ಡಿನಲ್ಲಿ ಏನೇನಿದೆ ಅಂತ ಯಾಕೆ ನೋಡುತ್ತಿದ್ದಾನೆ ಅಂತ ಯೋಚಿಸುತ್ತಿದ್ದೆ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ.

ಮೊದಲ ಮೊಲ ಬಿದ್ದ ದಿನ ನನಗೆ ಊಟ ಸೇರಲಿಲ್ಲ. ಅದು ಮಿಸುಕದೆ ಬಿತ್ತು ಅನ್ನುವುದೊಂದೇ ಸಮಾಧಾನ. ಹೊಡೆಯುವುದಾದರೆ ಹೀಗೇ ಹೊಡೆಯಬೇಕು, ನರಳಿಸಬಾರದು ಅಂತ ನಾನೇ ನನಗೊಂದು ಕಟ್ಟಳೆ ಹಾಕಿಕೊಂಡೆ. ಎರಡು ತಿಂಗಳು ಆ ಕಟ್ಟಳೆ ಮುರಿಯಲಿಲ್ಲ. ಸಸಿಗಳು ಚಿಗುರಿದವು.

ಸೆಪ್ಟೆಂಬರಿನಲ್ಲಿ ಗದಗಿನಿಂದ ಅತ್ತೆ ಬಂದರು. ದಸರೆಗೆ ಖಂಡೆ ಪೂಜೆ ಅವರದೇ ಮುಂದಾಳತ್ವ. ಚಾಕು, ಈಳಿಗೆ, ಮಿಕ್ಸರು, ಕಾರು, ಹುಲ್ಲಿನ ಗಾಡಿ, ನರ್ಸು ಮಗಳ ಸ್ಟೆತಸ್ಕೋಪು. ಬಂದೂಕು ಬೇಡ ಅಂದೆ ನಾನು. ಅವರು ಒಪ್ಪಲಿಲ್ಲ. "ಪ್ರಾಣಾ ತಗಿಯೂ ಸಾಮಾನರೀ ಅದು. ಮೊದಲು ಅದಕ್ಕಽ ಪೂಜಿ ಆಗಬೇಕು" ಅಂದರು. ಮಾತಿನಲ್ಲಿ ನ್ಯಾಯವಿತ್ತು. ಗುಂಡು ಹಾರದ ಹಾಗೆ ಬೋಲ್ಟನ್ನು ಕಳಚಿ ಸೇಫಿನಲ್ಲೇ ಬಿಟ್ಟು ಬರೀ ಬಂದೂಕನ್ನು ತಂದು ಚಾಪೆಯ ಮೇಲಿಟ್ಟೆ, ನಾನೂ ಪಕ್ಕದಲ್ಲೇ ಕೂತೆ. ಅಷ್ಟರಲ್ಲಿ ಊರಿನಿಂದ ಅಣ್ಣನ ವಿಡಿಯೋ ಕಾಲ್ ಬಂತು. ಫೋನನ್ನು ಅಲ್ಲಿ ಇಲ್ಲಿ ತಿರುಗಿಸಿ ಅವನಿಗೆ ಪೂಜೆ ತೋರಿಸುತ್ತಿದ್ದೆ. ನನ್ನ ಬೆನ್ನ ಹಿಂದೆ ಅತ್ತೆ ಒಂದೊಂದೇ ಸಾಮಾನು ಒರೆಸಿ ಕುಂಕುಮ ಇಡುತ್ತಿದ್ದರು. ಆರತಿ ಆಯಿತು, ಹೋಳಿಗೆ ಉಂಡೆವು.

ಎರಡು ದಿನ ಬಿಟ್ಟು ಸಂಜೆ ಮೊಲ ಕಂಡಿತು. ಹೊಡೆದೆ. ಬೀಳಲಿಲ್ಲ. ಗುಂಡು ಹಿಂಗಾಲಿಗೆ ಬಿದ್ದಿತ್ತು. ಅದು ಕಾಲು ಎಳೆದುಕೊಂಡು ಬೇಲಿಯ ಒಳಗೆ ಹೋಯಿತು. ಅದರ ಸದ್ದು... ಮೊಲಕ್ಕೆ ದನಿ ಇರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಕತ್ತಲಾಗುವವರೆಗೆ ಮುಳ್ಳಿನಲ್ಲಿ ಹುಡುಕಿದೆ, ಸಿಗಲಿಲ್ಲ. ಮರುದಿನ ಕಾಗದಕ್ಕೆ ಹೊಡೆದು ನೋಡಿದರೆ ಗುಂಡು ಒಂದು ಗೇಣು ಎಡಕ್ಕೆ ಬೀಳುತ್ತಿತ್ತು.

ಮುಚ್ಚಳ ತೆಗೆದು ನೋಡು ಅನ್ನುವ ಮಾತು ನೆನಪಿತ್ತು. ನಾನು ತೆಗೆಯಲಿಲ್ಲ. ತೆಗೆದರೆ 'ನೀನೇ ಮುಟ್ಟಿ ಕೆಡಿಸಿದ್ದೀ' ಅಂತ ಹೇಳಲು ದಾರಿಯಾಗುತ್ತದೆ, ಅದಕ್ಕೇ ಮೊದಲೇ ಆ ಮಾತು ಕಿವಿಗೆ ಹಾಕಿಟ್ಟಿದ್ದಾನೆ ಅನ್ನಿಸಿತು. ಅಪ್ಪನ ಅಂಗಡಿಯಲ್ಲಿ ಕುಕ್ಕರು ವಾಪಸ್ ತಂದವರಿಗೆ ನಾವು ಹೇಳುತ್ತಿದ್ದದ್ದೇ ಅದು. ನಿಜ ಹೇಳಬೇಕೆಂದರೆ, ಬೇಲಿಯೊಳಗೆ ಹೋದ ಆ ಮೊಲದ ಪಾಪ ನನ್ನ ತಲೆಯ ಮೇಲಿಂದ ಇಳಿದು ಇನ್ನೊಬ್ಬರ ತಲೆಯ ಮೇಲೆ ಕೂರಬೇಕಿತ್ತು.

ಅಂಗಡಿಯಲ್ಲಿ ಮೂವರು ಗಿರಾಕಿಗಳಿದ್ದರು. ಬಂದೂಕಿನ ಚೀಲವನ್ನು ಕೌಂಟರಿನ ಮೇಲಿಟ್ಟು, ಎಲ್ಲರಿಗೂ ಕೇಳುವ ಹಾಗೆ, ಯಾರೋ ಬಳಸಿ ಬಿಟ್ಟ ಸ್ಕೋಪನ್ನು ಹೊಸದು ಅಂತ ಮಾರಿದ್ದೀ, ಬೇರೆ ದೇಶದವನು ಅಂತ ಟೋಪಿ ಹಾಕಿದ್ದೀ ಅಂದೆ. ಅವರು ಕನ್ನಡಕ ಏರಿಸಿಕೊಂಡರು. ಮೇಲಿನ ಮುಚ್ಚಳ ತಿರುಗಿಸಿ ಅರೆಕ್ಷಣ ನೋಡಿದವರು ತಟ್ಟನೆ ಮುಚ್ಚಿದರು. ನನ್ನ ಮುಖ ನೋಡಿದರು, ಆ ಮೂವರ ಕಡೆ ನೋಡಿದರು. ಬಂದೂಕು ಎತ್ತಿಕೊಂಡು ಒಳಗಿನ ಕೋಣೆಗೆ ಹೋದರು. ಕಾಲು ಗಂಟೆಯಾಯಿತು. ಸಿಕ್ಕಿಬಿದ್ದ, ಒಳಗೆ ಬದಲಿಸುತ್ತಿದ್ದಾನೆ ಅಂದುಕೊಂಡೆ.

ಹೊರಗೆ ಬಂದು ಮೆಲ್ಲಗೆ ಹೇಳಿದರು, "ತಪ್ಪು ನನ್ನದೇ ಇರಬೇಕು, ಡಾಕ್. ಸರಿಮಾಡಿದ್ದೇನೆ. ಮೂರು ಗುಂಡು ಹೊಡೆದು ನೋಡು."

ಜೊತೆಗೆ ಈ ರಟ್ಟಿನ ಡಬ್ಬಿ ಕೊಟ್ಟರು. ಇದು ನಿನ್ನದು, ಅವತ್ತು ಇಲ್ಲೇ ಉಳಿದಿತ್ತು, ಮನೆಗೆ ಹೋಗಿ ತೆರೆದು ನೋಡು ಅಂದರು. ಇನ್ನೇನಾದರೂ ಮಾರುವ ಜಾಹೀರಾತಿನ ಕಾಗದ ತುಂಬಿರುತ್ತಾನೆ ಅಂದುಕೊಂಡು ಗ್ಯಾರೇಜಿನ ಹಲಗೆಯ ಮೇಲೆ ಎಸೆದೆ.

ಮೂರು ಗುಂಡೂ ನಡುವಿಗೆ ಬಿದ್ದವು. ಅಲ್ಲಿಗೆ ಬಿಡಬಹುದಿತ್ತು. ಆದರೆ ತಪ್ಪು ನನ್ನದೇ ಅಂತ ಅವರು ಅಂದಿದ್ದರಲ್ಲ, ಅದೇ ನನ್ನ ತಲೆ ಕೆಡಿಸಿತ್ತು. ಸಿಕ್ಕಿಬೀಳದೆ ಯಾವ ಅಂಗಡಿಯವನೂ ಹಾಗನ್ನುವುದಿಲ್ಲ ಅಂತ ನನ್ನ ಬಾಲ್ಯದ ಪಾಠ. ಅಂದು ಸಂಜೆಯೇ ಕೂತು ಇಂಟರ್ನೆಟ್ಟಿನಲ್ಲಿ ಅಂಗಡಿಯ ಹೆಸರಿನ ಕೆಳಗೆ ಐದರಲ್ಲಿ ಒಂದೇ ಒಂದು ನಕ್ಷತ್ರ ಹಾಕಿ, 'ಬಳಸಿದ ಮಾಲನ್ನು ಹೊಸದೆಂದು ಮಾರುತ್ತಾರೆ, ಕೇಳಿದರೆ ಒಪ್ಪಿಕೊಳ್ಳುತ್ತಾರೆ' ಅಂತ ಬರೆದೆ. ನಮ್ಮ ಕನ್ನಡದವರ ಗುಂಪಿಗೂ ಅದನ್ನೇ ಹಾಕಿದೆ. ಅಲ್ಲಿ ನನ್ನ ಹಾಗೇ ಜಾಗ ಮಾಡಿಕೊಂಡ ಡಾಕ್ಟರುಗಳು, ನರ್ಸುಗಳು ಇದ್ದರು, ಅವರಲ್ಲಿ ಇಬ್ಬರು ಅದೇ ಅಂಗಡಿಗೆ ಹೋಗುವವರಿದ್ದರು. ಹೋಗಲಿಲ್ಲ. ನನಗೆ ಥ್ಯಾಂಕ್ಸ್ ಹೇಳಿದರು. ಮೂರು ದಿನದ ಮೇಲೆ ನಾನು ಬರೆದದ್ದರ ಕೆಳಗೆ ಅಂಗಡಿಯವರ ಒಂದು ಸಾಲು ಬಂದಿತ್ತು, 'ಬೇಸರವಾಯಿತು. ಬಾಗಿಲು ತೆರೆದೇ ಇದೆ, ಬಂದು ಮಾತಾಡು.' ಎಲ್ಲ ಅಂಗಡಿಯವರೂ ಹೀಗೇ ಬರೆಯುತ್ತಾರೆ ಅಂತ ನಕ್ಕು ಫೋನ್ ಬದಿಗಿಟ್ಟೆ.

ಒಂದು ವರ್ಷ ಹೀಗೇ ಹೋಯಿತು. ಮರುವರ್ಷ ದಸರೆಯ ಹಿಂದಿನ ವಾರ ಅತ್ತೆ ಗದಗಿನಿಂದ ಫೋನ್ ಮಾಡಿದರು. ಪೂಜೆಗೆ ಏನೇನು ಬೇಕು ಅಂತ ಮಗಳಿಗೆ ಹೇಳಿ ಮುಗಿಸಿ ನನ್ನನ್ನು ಕರೆಸಿಕೊಂಡರು.

"ಬಂದೂಕಿನ ಮ್ಯಾಲೆ ಆ ದುರ್ಬೀನಿಗೆ ಎರಡು ಸಣ್ಣ ಭರಣಿ ಅದಾವಲ್ರೀ, ಅದರಾಗ ಕುಂಕುಮಾ ಹಾಕೂದು ಮರೀಬ್ಯಾಡ್ರಿ. ಹೋದ ವರ್ಷ ಮುಚ್ಚಳಾ ತಗದು, ಒಳಗಿನ ಗುಂಡಿ ಹೊಳ್ಳಿಸಿ ಸ್ವಚ್ಛ ಒರಿಸಿ ಹಾಕಿದ್ದೆ."

ಅವರಿಗೆ ಆ ಮುಚ್ಚಳಗಳು ಕುಂಕುಮದ ಭರಣಿಯ ಮುಚ್ಚಳದ ಹಾಗೆ ಕಂಡಿದ್ದವು. ಇಷ್ಟು ಶಿಸ್ತಾಗಿ ಮಾಡಿಟ್ಟಿದ್ದಾರೆ ಅಂದಮೇಲೆ ಕುಂಕುಮಕ್ಕೇ ಇರಬೇಕು ಅಂದುಕೊಂಡಿದ್ದರು. ಪಕ್ಕದ ತಿರುಗಣೆ ಒರೆಸುವಾಗ ಪೂರಾ ಒಂದು ಸುತ್ತು ತಿರುಗಿ, ಗುರಿ ಗೇಣು ಎಡಕ್ಕೆ ಸರಿದಿತ್ತು. ನಾನು ಫೋನ್ ಹಿಡಿದುಕೊಂಡು ಗೋಡೆಗೆ ಒರಗಿದೆ. ಆಗ್ಲಿರೀ ಅತ್ತಿ ಅಂದೆ.

ಆ ಒಂದು ನಕ್ಷತ್ರವನ್ನು ಅದೇ ದಿನ ಅಳಿಸಿದೆ. ಗುಂಪಿಗೂ ಹೇಗೋ ಎರಡು ಸಾಲು ಹಾಕಿದೆ, ಯಾರೂ ಉತ್ತರಿಸಲಿಲ್ಲ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ. ಹೋಗಿ ಕ್ಷಮೆ ಕೇಳುವುದೊಂದೇ ಉಳಿದಿತ್ತು. ಅಲ್ಲಿಯೂ ನನ್ನ ಹಳೇ ರೋಗ ಅಡ್ಡ ಬಂತು. ಒಳಗಿನ ಕುಂಕುಮ ನೋಡಿಯೂ ಆ ಮನುಷ್ಯ ತಪ್ಪು ತನ್ನದೇ ಅಂತ ಯಾಕೆ ಅಂದರು? ನೋಡಿರಲಿಕ್ಕಿಲ್ಲ, ಬರೀ ಧೂಳು ಅಂದುಕೊಂಡಿರಬೇಕು. ಅಥವಾ ನೋಡಿ, ಗಿರಾಕಿಗಳ ಮುಂದೆ ಗಲಾಟೆ ಬೇಡ ಅಂತ ಅಂದಿರಬೇಕು. ತನ್ನದಲ್ಲದ ತಪ್ಪನ್ನು ಹೊತ್ತುಕೊಳ್ಳುವವನ ಮನಸ್ಸಿನಲ್ಲಿ ಏನೋ ಇರಲೇಬೇಕು ಅಂತ ಅವರ ಒಳ್ಳೆಯತನದ ಮೇಲೂ ಸಂಶಯಪಟ್ಟೆ.

ದಶಮಿಯ ದಿನ ನಮ್ಮ ಕಡೆ ಬನ್ನಿ ಎಲೆ ಕೊಟ್ಟು, 'ಬನ್ನಿ ತೊಗೊಂಡು ಬಂಗಾರದಂಗ ಇರೋಣು' ಅನ್ನುತ್ತೇವೆ. ವರ್ಷದ ಜಗಳವೆಲ್ಲ ಅವತ್ತಿಗೆ ತೀರಬೇಕು. ಇಲ್ಲಿ ಬನ್ನಿ ಮರವಿಲ್ಲ. ಇಲ್ಲಿಯದೇ ಆದ ಕೋವೈ ಅನ್ನುವ ಮರದ ಸಣ್ಣ ಸಣ್ಣ ಎಲೆಗಳನ್ನೇ ನಮ್ಮವರು ಬನ್ನಿ ಅಂತ ಹಂಚುತ್ತಾರೆ. ಅಂದು ಒಂದು ಟೊಂಗೆ ಮುರಿದುಕೊಂಡು ಹೋಗಿ ಅಂಗಡಿಯ ಎದುರು ಕಾರು ನಿಲ್ಲಿಸಿದೆ. ಗಾಜಿನಿಂದ ಕಾಣುತ್ತಿತ್ತು, ಒಳಗೆ ಇಬ್ಬರು ಗಿರಾಕಿಗಳು. ಅವರೆದುರಿಗೆ ಹೇಗೆ ಹೇಳುವುದು ಅಂತ ನಾಚಿಕೆಯಾಯಿತು. ಬಯ್ಯುವಾಗ ಮೂವರಿದ್ದರೂ ನಾಚಿಕೆಯಾಗಿರಲಿಲ್ಲ. ಅರ್ಧ ಗಂಟೆ ಕೂತು ವಾಪಸ್ ಬಂದೆ. ಎಲೆ ಕಾರಿನ ಮುಂಭಾಗದಲ್ಲೇ ಒಣಗಿ ಉದುರಿತು. ನಾಳೆ, ಮುಂದಿನ ವಾರ, ಕ್ರಿಸ್‌ಮಸ್ ಆದ ಮೇಲೆ... ಹೀಗೆ ದೂಡಿದೆ.

ಈಸ್ಟರಿಗೆ ಮುಂಚೆ ಹೋದಾಗ ಅಂಗಡಿಯ ಗಾಜಿಗೆ ಒಳಗಿನಿಂದ ಪೇಪರು ಅಂಟಿಸಿದ್ದರು. ಬೀಗದ ಕೈ ಮಾಡುವವನು ಹೇಳಿದ, ಮುದುಕ ದೂರದ ಡನೀಡಿನ್ನಿನಲ್ಲಿರುವ ಮಗಳ ಮನೆಗೆ ಹೋದ, ಮಂಡಿ ಪೂರ್ತಿ ಹೋಗಿತ್ತು, ಬಾಡಿಗೆಯೂ ಏರಿತ್ತು. ಹೋದ ಮೇಲೆ ಬಹಳ ದಿನ ಬದುಕಲಿಲ್ಲವಂತೆ. ನನ್ನ ಮುಖ ನೋಡಿ, ನಿನ್ನಂಥ ಗಿರಾಕಿಗಳು ನೆನೆಸಿಕೊಂಡು ಬರುತ್ತಿರುತ್ತಾರೆ ಅಂದ. ಮಂಡಿ, ಬಾಡಿಗೆ ಅಂತ ಅವನು ಹೇಳಿದ್ದನ್ನು ಮನಸ್ಸು ಗಟ್ಟಿಯಾಗಿ ಹಿಡಿದುಕೊಳ್ಳಲು ನೋಡಿತು. ಆ ಸಮಾಧಾನವನ್ನೂ ನಾನು ನಂಬಲಿಲ್ಲ.

ಇದೆಲ್ಲ ಆಗಿ ನಾಲ್ಕು ವರ್ಷ. ಮೊನ್ನೆ ಶನಿವಾರ ಟೈರಿನ ಮೇಲೆ ಕೂತು ಡಬ್ಬಿಯ ಮುಚ್ಚಳ ತೆಗೆದೆ. ಜಾಹೀರಾತು ಇರಲಿಲ್ಲ. ಸ್ಕೋಪಿನ ಕಾಗದಗಳ ಮೇಲೆ, ಸಣ್ಣ ಸ್ಕ್ರೂ ಹಾಕಿಡುವ ಪ್ಲಾಸ್ಟಿಕ್ ಪೊಟ್ಟಣ, ಬಾಯಿ ಒತ್ತಿ ಮುಚ್ಚಿದ್ದು. ಒಳಗೆ ಒಂದು ಚಿಟಿಕೆ ಕುಂಕುಮ. ಬ್ರಷ್ಷಿನಿಂದ ಒಂದು ಕಣವೂ ಬಿಡದೆ ಕೂಡಿಸಿ ತುಂಬಿದ ಹಾಗಿತ್ತು. ಮೇಲೆ ಅಂಟಿಸಿದ ಚೀಟಿಯಲ್ಲಿ, ನಡುಗುವ ದೊಡ್ಡ ಅಕ್ಷರಗಳಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದರು. ಕನ್ನಡದಲ್ಲಿ ಹೇಳಿದರೆ ಹೀಗೆ: 'ಡಾಕ್, ಇದು ನಿಮ್ಮ ಪೂಜೆಯದು ಅನ್ನಿಸಿತು. ಎಲ್ಲರ ಮುಂದೆ ತೆಗೆಯುವುದು ಸರಿಯಲ್ಲ ಅನ್ನಿಸಿತು. ಎಸೆಯಲು ಮನಸ್ಸು ಬರಲಿಲ್ಲ. ಮುಂದಿನ ವರ್ಷ ಹಬ್ಬ ಆದ ಮೇಲೆ ತಗೊಂಡು ಬಾ, ಗುರಿ ನೋಡಿಕೊಡುತ್ತೇನೆ.'

ಮನೆಗೆ ಹೋಗಿ ತೆರೆದು ನೋಡು ಅಂದಿದ್ದರು. ನಾನು ತೆರೆದೆ, ಓದಿದೆ, ಓದಿದ ಮೇಲೂ ಕೂತು ಆ ಒಂದು ನಕ್ಷತ್ರ ಹಾಕಿದೆ ಅಂತಲೇ ಅವರು ತಿಳಿದುಕೊಂಡು ಹೋಗಿದ್ದಾರೆ. ಅಲ್ಲ, ನಾನು ತೆರೆಯಲೇ ಇಲ್ಲ ಅಂತ ಹೇಳಲು ಈಗ ಯಾರೂ ಇಲ್ಲ.

ಸಂಜೆ ಬಂದ ರೈತನಿಗೆ ಬಂದೂಕು ಕೊಟ್ಟೆ, ಸ್ಕೋಪು ಕೊಟ್ಟೆ, ಖಾಲಿ ಡಬ್ಬಿ ಕೊಟ್ಟೆ. ಗುರಿ ತಪ್ಪಿದರೆ ಮೊದಲು ಮುಚ್ಚಳ ತೆಗೆದು ನೋಡು ಅಂತ ಹೇಳಿದೆ. ಅವನು ನನ್ನನ್ನು ಒಂಥರಾ ನೋಡಿದ. ಈ ಕಪ್ಪು ಮನುಷ್ಯ ಏನೋ ಮುಚ್ಚಿಡುತ್ತಿದ್ದಾನೆ ಅಂತ ಅವನಿಗೆ ಅನ್ನಿಸಿದ್ದರೆ ಅವನದೇನೂ ತಪ್ಪಿಲ್ಲ.

ಕುಂಕುಮದ ಪೊಟ್ಟಣವನ್ನು ದೇವರ ಮಾಡದಲ್ಲಿ, ಭರಣಿಯ ಪಕ್ಕದಲ್ಲಿ ಇಟ್ಟೆ. ದೀಪ ಹಚ್ಚಲು ಬಂದ ಹೆಂಡತಿ ಅದನ್ನು ಎತ್ತಿ ನೋಡಿದಳು.

"ಇದ್ಯಾರ ಮನೀ ಕುಂಕುಮಾರೀ?"

"ನಮ್ದಽ" ಅಂದೆ. "ಅಂಗಡಿಯವರು ಕಳಿಸ್ಯಾರ."